ನಾಲ್ಕು ಜನರನ್ನು ನೇಣಿಗೆ ಹಾಕಿದರೆ ಊರು ಹೆದರುತ್ತದೆಯೇ?

2018ರ ನವೆಂಬರ್ ನಡುಭಾಗ. ಹೊಸೂರು ಬಸ್ ಸ್ಟ್ಯಾಂಡ್ ಹತ್ತಿರ ನಾನು ಟೀ ಕುಡಿಯುವ ಅಂಗಡಿಗೆ ಕನ್ನಡದ್ದೊಂದು, ತಮಿಳಿನದೊಂದು ಪೇಪರ್ ಬರುತ್ತವೆ. ಆ ವಾರ ಎರಡರಲ್ಲೂ ಒಂದೇ ಸುದ್ದಿ. ಮಂಡ್ಯ ಜಿಲ್ಲೆಯ ಶಿವನಸಮುದ್ರದ ಬಳಿ ಕಾವೇರಿಯಲ್ಲಿ ಕೈಕಾಲು ಕಟ್ಟಿದ್ದ ಯುವಕನೊಬ್ಬನ ಶವ ಸಿಕ್ಕಿತ್ತು. ಬೆನ್ನಿಗೇ ಯುವತಿಯದೂ ಸಿಕ್ಕಿತು. ಯಾರು, ಯಾವ ಊರು ಎಂದು ಪೊಲೀಸರಿಗೆ ಗೊತ್ತಾಗಲಿಲ್ಲ. ಕೊನೆಗೆ ಜಾಡು ಕೊಟ್ಟಿದ್ದು ಯುವಕ ತೊಟ್ಟಿದ್ದ ಟೀ-ಶರ್ಟ್. ಅದರ ಮೇಲೆ ಅಂಬೇಡ್ಕರ್ ಚಿತ್ರವಿತ್ತು, ಜೊತೆಗೆ ಊರಿನ ಹೆಸರಿತ್ತು. ಊರು ನಮ್ಮದೇ ಕೃಷ್ಣಗಿರಿ ಜಿಲ್ಲೆಯ ಶೂಳಗಿರಿ ಕಡೆಯದು. ಹುಡುಗ ದಲಿತ, ಹುಡುಗಿ ಬೇರೆ ಜಾತಿ. ಮದುವೆಯಾಗಿ ಹೊಸೂರಿನಲ್ಲಿ ಸಂಸಾರ ಹೂಡಿದ್ದರು. ಪೊಲೀಸರು ಬಂಧಿಸಿದ್ದು ಹುಡುಗಿಯ ಮನೆಯವರನ್ನೇ.

ಅದೇ ನವೆಂಬರ್ 19ರಂದು ಇನ್ನೊಂದು ಸುದ್ದಿ ಬಂತು. ಧರ್ಮಪುರಿ ಬಸ್ ದಹನ ಪ್ರಕರಣದಲ್ಲಿ ಒಂದು ಕಾಲಕ್ಕೆ ಗಲ್ಲು ಶಿಕ್ಷೆಯಾಗಿದ್ದ ಮೂವರು ವೇಲೂರು ಜೈಲಿನಿಂದ ಬಿಡುಗಡೆಯಾಗಿದ್ದರು.

ಟೀ ಅಂಗಡಿಯ ಬೆಂಚು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿತು. "ನಾಲ್ಕು ಜನರನ್ನ ನಡುರಸ್ತೇಲಿ ನೇಣಿಗೆ ಹಾಕ್ಬೇಕು ಸಾರ್, ಆಮೇಲೆ ನೋಡಿ." ನಾನೂ ತಲೆಯಾಡಿಸಿದೆ ಅಂತಲೇ ನೆನಪು. ಎರಡೂ ಸುದ್ದಿ ಓದಿದ ಕೈಯಲ್ಲಿ ಟೀ ಲೋಟ ಹಿಡಿದವನಿಗೆ ಬೇರೇನು ತೋಚೀತು? ಆದರೆ ಆ ಎರಡು ಪ್ರಕರಣಗಳ ಜಾಡು ಹಿಡಿದು ಹೋದರೆ, ಹಗ್ಗದ ಬಗ್ಗೆ ನಾವು ನಂಬಿಕೊಂಡಿರುವ ಒಂದೊಂದೇ ಸಂಗತಿ ಸಡಿಲವಾಗುತ್ತ ಬರುತ್ತದೆ.

"ಒಬ್ಬನನ್ನು ಗಲ್ಲಿಗೇರಿಸಿದರೆ ಇನ್ನೊಬ್ಬ ಹೆದರುತ್ತಾನೆ"

ಹೆದರಬೇಕಿತ್ತು. ಶೂಳಗಿರಿಯ ಜೋಡಿಯ ಕೊಲೆಗೆ ಹನ್ನೊಂದು ತಿಂಗಳ ಹಿಂದಷ್ಟೇ, 2017ರ ಡಿಸೆಂಬರ್ 12ರಂದು, ತಿರುಪ್ಪೂರಿನ ಕೋರ್ಟು ಉಡುಮಲೈಪೇಟೆ ಶಂಕರ್ ಕೊಲೆ ಪ್ರಕರಣದಲ್ಲಿ ಆರು ಮಂದಿಗೆ ಮರಣದಂಡನೆ ವಿಧಿಸಿತ್ತು. ಶಂಕರ್ ಮದುವೆಯಾಗಿದ್ದ ಹುಡುಗಿಯ ಅಪ್ಪನೂ ಅವರಲ್ಲಿ ಒಬ್ಬ. ತಮಿಳು ಚಾನೆಲ್‌ಗಳು ದಿನವಿಡೀ ಅದನ್ನೇ ತೋರಿಸಿದವು. ಬೇರೆ ಜಾತಿಯ ಹುಡುಗನನ್ನು ಮದುವೆಯಾದ ಮಗಳ ಗಂಡನನ್ನು ಕೊಲ್ಲಿಸಿದರೆ ಗಲ್ಲು ಎಂಬ ಸಂದೇಶ ಇದಕ್ಕಿಂತ ಸ್ಪಷ್ಟವಾಗಿ ತಲುಪುವುದು ಸಾಧ್ಯವಿರಲಿಲ್ಲ. ಆದರೂ ಶಿವನಸಮುದ್ರದ ಘಟನೆ ನಡೆಯಿತು. 2023ರ ಮಾರ್ಚ್‌ನಲ್ಲಿ ಕೃಷ್ಣಗಿರಿಯ ಕೆಆರ್‌ಪಿ ಅಣೆಕಟ್ಟಿನ ಕಡೆಯ ರಸ್ತೆಯಲ್ಲಿ ಪ್ರೇಮವಿವಾಹವಾದ ಯುವಕನನ್ನು ಹಾಡಹಗಲೇ ಕೊಚ್ಚಿ ಕೊಂದರು. ಮರುತಿಂಗಳೇ ಊತಂಗರೈ ಬಳಿ ಒಬ್ಬ ತಂದೆ ತನ್ನ ಮಗನನ್ನೂ, ಅಡ್ಡ ಬಂದ ಹೆತ್ತ ತಾಯಿಯನ್ನೂ ಕಡಿದ.

ಎರಡು ಮೂರು ಘಟನೆ ಹೇಳಿ ಲೆಕ್ಕ ಮುಗಿಸುವುದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಈ ಘಟನೆಗಳ ಒಳಗೆ ಒಂದು ವಿಷಯ ಕಾಣುತ್ತದೆ. ಅಣೆಕಟ್ಟಿನ ರಸ್ತೆಯ ಕೊಲೆಯಲ್ಲಿ ಹುಡುಗಿಯ ತಂದೆ ತಾನಾಗಿಯೇ ಕೋರ್ಟಿಗೆ ಹೋಗಿ ಶರಣಾದ. ಸಿಕ್ಕಿಬೀಳಬಾರದೆಂದು ಹೊಂಚು ಹಾಕಿ ಕೊಲ್ಲುವವನಿಗೆ ಶಿಕ್ಷೆಯ ಲೆಕ್ಕಾಚಾರ ತಟ್ಟೀತು. ಊರಿನ ನಡುವೆ ತಲೆಯೆತ್ತಿ ನಡೆಯಲು ಈ ಕೆಲಸ ಮಾಡಲೇಬೇಕು ಎಂದುಕೊಂಡವನಿಗೆ ಜೈಲು ಒಂದು ಬೆಲೆ, ಅಷ್ಟೆ. ಅದನ್ನು ಕೊಡಲು ಅವನು ತಯಾರಾಗಿಯೇ ಹೊರಟಿರುತ್ತಾನೆ. ಕನ್ನಡ ಪೇಪರುಗಳು ಇದನ್ನು ಮೊದಲು 'ಮರ್ಯಾದಾ ಹತ್ಯೆ' ಎನ್ನುತ್ತಿದ್ದವು, ಆಮೇಲೆ ನಾಚಿಕೆಯಾಗಿ 'ಮರ್ಯಾದೆಗೇಡು ಹತ್ಯೆ' ಎಂದು ತಿದ್ದಿಕೊಂಡವು. ತಮಿಳಿನಲ್ಲಿ 'ಗೌರವ ಕೊಲೈ' ಹೋಗಿ 'ಆಣವಕ್ಕೊಲೈ' ಬಂತು, ಎಂದರೆ ಅಹಂಕಾರದ ಕೊಲೆ. ಎರಡು ಭಾಷೆಯಲ್ಲಿ ಬದುಕುವ ನಮಗೆ ತಮಿಳಿನ ಪದವೇ ಹೆಚ್ಚು ಸರಿ ಎನಿಸುತ್ತದೆ.

ಇನ್ನು ಧರ್ಮಪುರಿಯದು. 2000ದ ಫೆಬ್ರವರಿ 2. ಕೃಷ್ಣಗಿರಿ ಆಗ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಹೊಸೂರೂ ಸೇರಿ ಎಲ್ಲವೂ ಧರ್ಮಪುರಿ ಜಿಲ್ಲೆಯೇ. ಕೊಡೈಕನಾಲ್‌ನ ಪ್ಲೆಸೆಂಟ್ ಸ್ಟೇ ಹೋಟೆಲ್ ಪ್ರಕರಣದಲ್ಲಿ ಜಯಲಲಿತಾ ಅವರಿಗೆ ಶಿಕ್ಷೆಯಾದ ಸುದ್ದಿ ಬರುತ್ತಲೇ ಎಐಎಡಿಎಂಕೆ ಕಾರ್ಯಕರ್ತರು ಬೀದಿಗಿಳಿದರು. ಇಲಕ್ಕಿಯಂಪಟ್ಟಿಯಲ್ಲಿ, ಅಧ್ಯಯನ ಪ್ರವಾಸದಲ್ಲಿದ್ದ ಕೊಯಮತ್ತೂರು ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರ ಬಸ್ಸಿಗೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದರು. ಮೂವರು ಹುಡುಗಿಯರು ಒಳಗೇ ಸುಟ್ಟುಹೋದರು. ಐದು ವರ್ಷದ ಕೆಳಗೆ, 1995ರ ಏಪ್ರಿಲ್ 27ರಂದು, ಅಲ್ಲಿಂದ ಹೆಚ್ಚು ದೂರವಿಲ್ಲದ ಸೇಲಂ ಜೈಲಿನಲ್ಲಿ ಸರಣಿ ಕೊಲೆಗಾರ ಆಟೋ ಶಂಕರ್‌ನನ್ನು ನೇಣಿಗೆ ಹಾಕಿದ್ದು ಆ ಗುಂಪಿನಲ್ಲಿದ್ದ ಯಾರಿಗೆ ನೆನಪಿತ್ತು? 2016ರಲ್ಲಿ ಸುಪ್ರೀಂ ಕೋರ್ಟು ಈ ಪ್ರಕರಣದ ಮೂವರು ಅಪರಾಧಿಗಳ ಗಲ್ಲನ್ನು ಜೀವಾವಧಿಗೆ ಇಳಿಸಿದಾಗ ಕೊಟ್ಟ ಕಾರಣವೂ ಅದೇ: ಮೊದಲೇ ಯೋಜಿಸಿದ್ದಲ್ಲ, ಗುಂಪಿನ ಉನ್ಮಾದದಲ್ಲಿ ಮಾಡಿದ್ದು. ಉನ್ಮಾದದಲ್ಲಿರುವವನು ಐಪಿಸಿ ಸೆಕ್ಷನ್ ಲೆಕ್ಕ ಹಾಕುವುದಿಲ್ಲ.

ದೊಡ್ಡ ಲೆಕ್ಕಕ್ಕೆ ಬರೋಣ. ಆಟೋ ಶಂಕರ್ ನಂತರ ತಮಿಳುನಾಡಿನಲ್ಲಿ ಯಾರನ್ನೂ ಗಲ್ಲಿಗೇರಿಸಿಲ್ಲ. ಕರ್ನಾಟಕದಲ್ಲಿ ಬೆಳಗಾವಿಯ ಹಿಂಡಲಗಾ ಜೈಲಿನ ಗಲ್ಲುಗಂಬಕ್ಕೆ 1983ರ ನಂತರ ಕೆಲಸವಿಲ್ಲ. ಈ ಶತಮಾನದಲ್ಲಿ ಇಡೀ ದೇಶದಲ್ಲಿ ಗಲ್ಲಿಗೇರಿದವರು ಎಂಟೇ ಮಂದಿ. ಕೊನೆಯವರು 2020ರ ಮಾರ್ಚ್ 20ರಂದು, ನಿರ್ಭಯಾ ಪ್ರಕರಣದ ನಾಲ್ವರು. ಹೆದರಿಕೆಯೇ ಕೊಲೆ ತಡೆಯುತ್ತಿದ್ದರೆ, ಹಗ್ಗ ಹೀಗೆ ಮೂಲೆ ಸೇರಿದ ಮೇಲೆ ಕೊಲೆ ಹೆಚ್ಚಬೇಕಿತ್ತು. ಆಗಿದ್ದು ಉಲ್ಟಾ. 1992ರಲ್ಲಿ ಲಕ್ಷ ಜನಸಂಖ್ಯೆಗೆ 4.6 ಇದ್ದ ಕೊಲೆಯ ಪ್ರಮಾಣ 2013ಕ್ಕೆ 2.7ಕ್ಕೆ ಇಳಿಯಿತು, 2022ರಲ್ಲಿ 2.1. ನಮ್ಮ ಪಕ್ಕದ ಕೇರಳದಲ್ಲಿ ಇನ್ನೂ ಹಳೆಯ ಉದಾಹರಣೆಯಿದೆ. ತಿರುವಾಂಕೂರು ಸಂಸ್ಥಾನ 1944ರಲ್ಲಿ ಗಲ್ಲು ಶಿಕ್ಷೆಯನ್ನು ಕೈಬಿಟ್ಟಿತ್ತು. ಅದಿಲ್ಲದ 1945–50ರ ಅವಧಿಯಲ್ಲಿ ಅಲ್ಲಿ 962 ಕೊಲೆ. ಭಾರತಕ್ಕೆ ಸೇರಿ ಗಲ್ಲು ಮತ್ತೆ ಬಂದ ಮೇಲೆ, 1950–55ರಲ್ಲಿ 967.

ಇಲ್ಲಿ ಗಲ್ಲು ವಿರೋಧಿಸುವ ನನ್ನಂಥವರ ತಪ್ಪು ಕಲ್ಪನೆಯೊಂದನ್ನೂ ಹೇಳಿಬಿಡಬೇಕು. "ಗಲ್ಲಿನಿಂದ ಏನೂ ಪರಿಣಾಮವಿಲ್ಲ ಎಂದು ವಿಜ್ಞಾನ ಸಾಬೀತು ಮಾಡಿದೆ" ಎನ್ನುತ್ತಾರೆ. ಹಾಗೆ ಸಾಬೀತಾಗಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಮೂವತ್ತು ವರ್ಷಗಳ ಅಧ್ಯಯನಗಳನ್ನು ಜಾಲಾಡಿ 2012ರಲ್ಲಿ ಹೇಳಿದ್ದು ಇಷ್ಟು: ಗಲ್ಲು ಕೊಲೆಯನ್ನು ತಗ್ಗಿಸುತ್ತದೆಂದೋ ಹೆಚ್ಚಿಸುತ್ತದೆಂದೋ ಏನೂ ಮಾಡುವುದಿಲ್ಲವೆಂದೋ ಹೇಳಲು ಈ ಅಧ್ಯಯನಗಳನ್ನು ನೆಚ್ಚಬಾರದು. ಕೊಲೆ ಇಳಿಯುವುದಕ್ಕೆ ನೂರು ಕಾರಣವಿರುತ್ತದೆ. ಮೇಲಿನ ಅಂಕಿಗಳು ತೋರಿಸುವುದು ಹಗ್ಗವಿಲ್ಲದೆಯೂ ಕೊಲೆ ಇಳಿಯಬಲ್ಲದು ಎಂಬುದನ್ನು ಮಾತ್ರ. ಆದರೆ ಸರ್ಕಾರ ಒಬ್ಬನ ಜೀವ ತೆಗೆಯುವಾಗ ಲಾಭವಿದೆಯೆಂದು ತೋರಿಸುವ ಹೊಣೆ ಯಾರದು? ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗ 2015ರ ತನ್ನ 262ನೇ ವರದಿಯಲ್ಲಿ ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರುವುದನ್ನು ಬಿಟ್ಟು ಉಳಿದೆಲ್ಲಕ್ಕೂ ಗಲ್ಲನ್ನು ತೆಗೆಯಿರಿ ಎಂದಿತು. ಅದೇ ಆಯೋಗ 1967ರ 35ನೇ ವರದಿಯಲ್ಲಿ ಗಲ್ಲು ಇರಲಿ ಎಂದಿತ್ತು.

"ಗಲ್ಲು ತೀರ್ಪು ಬಂತು, ನ್ಯಾಯ ಸಿಕ್ಕಿತು"

ಟಿವಿಯಲ್ಲಿ ಸೆಷನ್ಸ್ ಕೋರ್ಟಿನ ತೀರ್ಪು ಬಂದ ದಿನ ಪಟಾಕಿ ಹೊಡೆಯುತ್ತೇವೆ. ಆ ತೀರ್ಪು ಹೈಕೋರ್ಟು ದೃಢಪಡಿಸದೆ ಜಾರಿಯಾಗುವಂತೆಯೇ ಇಲ್ಲ ಎಂಬುದು ಕಾನೂನು. ಈ ಶತಮಾನದ ಮೊದಲ ಹದಿನೈದು ವರ್ಷಗಳ ತೀರ್ಪುಗಳನ್ನು ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಬೆನ್ನುಹತ್ತಿ ನೋಡಿತು. ಕೆಳಗಿನ ಕೋರ್ಟುಗಳಲ್ಲಿ ಗಲ್ಲು ಶಿಕ್ಷೆಯಾದವರ ಪೈಕಿ ಕೊನೆಗೂ ಅದು ಉಳಿದದ್ದು ನೂರಕ್ಕೆ ಸುಮಾರು ಐದು ಮಂದಿಗೆ. ಸುಮಾರು ಮೂವತ್ತು ಮಂದಿ ಪೂರ್ತಿ ಖುಲಾಸೆಯಾದರು. ಗಲ್ಲು ಕೊಡಬಾರದಿತ್ತು ಎನ್ನುವುದು ಬೇರೆ, ತಪ್ಪಿತಸ್ಥನೇ ಅಲ್ಲ ಎನ್ನುವುದು ಬೇರೆ. ಉಡುಮಲೈಪೇಟೆಯ ಆರು ಗಲ್ಲುಗಳೂ ಉಳಿಯಲಿಲ್ಲ: 2020ರಲ್ಲಿ ಮದ್ರಾಸ್ ಹೈಕೋರ್ಟು ಹುಡುಗಿಯ ತಂದೆಯನ್ನು ಖುಲಾಸೆ ಮಾಡಿ ಉಳಿದ ಐವರಿಗೆ ಜೀವಾವಧಿಗೆ ಇಳಿಸಿತು.

ಪಾಲಾರ್ ಸ್ಫೋಟದ ಪ್ರಕರಣವನ್ನು ಗಡಿಯ ಎರಡೂ ಕಡೆಯವರು ಬಲ್ಲರು. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಹತ್ತಿರ ವೀರಪ್ಪನ್ ತಂಡ ನೆಲಬಾಂಬ್ ಸ್ಫೋಟಿಸಿ 22 ಜನರನ್ನು ಕೊಂದಿತು. 2001ರಲ್ಲಿ ಮೈಸೂರಿನ ಟಾಡಾ ಕೋರ್ಟು ನೂರಕ್ಕೂ ಹೆಚ್ಚು ಮಂದಿಯನ್ನು ಬಿಟ್ಟುಕಳಿಸಿತು; ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತಿದ್ದ ಹಳ್ಳಿಗರು ಅವರು. ನಾಲ್ವರಿಗೆ ಜೀವಾವಧಿ ಕೊಟ್ಟಿತು. ಶಿಕ್ಷೆ ತಗ್ಗೀತೆಂದು ಆ ನಾಲ್ವರು ಸುಪ್ರೀಂ ಕೋರ್ಟಿಗೆ ಹೋದರೆ, 2004ರ ಜನವರಿಯಲ್ಲಿ ಅದು ತಾನಾಗಿ ಗಲ್ಲಿಗೆ ಏರಿಸಿತು. ಮೇಲ್ಮನವಿ ಹಾಕಿದರೆ ಶಿಕ್ಷೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ ಎಂದುಕೊಂಡವರಿಗೆ ಇದೊಂದು ಪಾಠ. ಆಮೇಲೆ ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕಾದು 2013ರಲ್ಲಿ ತಿರಸ್ಕೃತವಾಯಿತು. ಬೆಳಗಾವಿಯಲ್ಲಿ ಇಂದೋ ನಾಳೆಯೋ ಎನ್ನುವ ಹೊತ್ತಿಗೆ ಸುಪ್ರೀಂ ಕೋರ್ಟು ತಡೆ ಕೊಟ್ಟು, 2014ರ ಜನವರಿ 21ರಂದು ತಡವಾದದ್ದೇ ಹಿಂಸೆ ಎಂದು ಜೀವಾವಧಿಗೆ ಮರಳಿಸಿತು. ಮೈಸೂರಿನ ನ್ಯಾಯಾಧೀಶರು 2001ರಲ್ಲಿ ಬರೆದ ಶಿಕ್ಷೆಗೇ ಹದಿಮೂರು ವರ್ಷ ಸುತ್ತಿ ವಾಪಸ್ ಬಂದಂತಾಯಿತು.

"ಎಲ್ಲ ಕೋರ್ಟೂ ಹೇಳಿದ ಮೇಲೆ ತಪ್ಪಾಗುವುದುಂಟೇ?"

ಉಂಟು. ಮಹಾರಾಷ್ಟ್ರದ ಅಲೆಮಾರಿ ಸಮುದಾಯದ ಆರು ಮಂದಿಗೆ 2009ರಲ್ಲಿ ಸುಪ್ರೀಂ ಕೋರ್ಟೇ ಗಲ್ಲು ಎಂದಿತ್ತು. 2019ರ ಮಾರ್ಚ್‌ನಲ್ಲಿ ಅದೇ ಸುಪ್ರೀಂ ಕೋರ್ಟು, ಇವರು ನಿರಪರಾಧಿಗಳು, ಸುಳ್ಳಾಗಿ ಸಿಕ್ಕಿಸಲಾಗಿದೆ ಎಂದು ಬಿಡುಗಡೆ ಮಾಡಿ ಪರಿಹಾರ ಕೊಡಿಸಿತು. ನಡುವಿನ ಹತ್ತು ವರ್ಷದಲ್ಲಿ ನಮ್ಮ ವ್ಯವಸ್ಥೆ ಚುರುಕಾಗಿದ್ದಿದ್ದರೆ ಪರಿಹಾರದ ಚೆಕ್ಕು ಪಡೆಯಲು ಯಾರೂ ಇರುತ್ತಿರಲಿಲ್ಲ. ಪಕ್ಕದ ಜೋಲಾರ್‌ಪೇಟೆಯ ಪೇರರಿವಾಳನ್ ಕಥೆ ಗೊತ್ತಿರುವುದೇ. ರಾಜೀವ್ ಗಾಂಧಿ ಹತ್ಯೆ ಪ್ರಕರಣದಲ್ಲಿ 1998ರಲ್ಲಿ 26 ಮಂದಿಗೂ ಗಲ್ಲು ಎಂದಿತು ವಿಚಾರಣಾ ಕೋರ್ಟು. ಮರುವರ್ಷ ಸುಪ್ರೀಂ ಕೋರ್ಟಿನಲ್ಲಿ ಅದು ನಾಲ್ವರಿಗೆ ಇಳಿಯಿತು. ಆ ನಾಲ್ವರಲ್ಲಿ ಒಬ್ಬನಾಗಿ ಉಳಿದ ಪೇರರಿವಾಳನ್ ಹೇಳಿಕೆಯನ್ನು ಬರೆದುಕೊಂಡಿದ್ದ ಸಿಬಿಐ ಅಧಿಕಾರಿ, ನಿವೃತ್ತಿಯಾದ ಮೇಲೆ 2013ರಲ್ಲಿ, ಅವನು ಹೇಳಿದ ಒಂದು ಮುಖ್ಯ ಮಾತನ್ನು ತಾನು ಬರೆದುಕೊಳ್ಳಲಿಲ್ಲ ಎಂದರು. ತಾನು ಕೊಂಡುಕೊಟ್ಟ, ಬಾಂಬಿಗೆ ಬಳಕೆಯಾದ ಬ್ಯಾಟರಿ ಯಾತಕ್ಕೆಂದು ತನಗೆ ಗೊತ್ತಿರಲಿಲ್ಲ ಎಂಬ ಮಾತು ಅದು.

ಅಂದಹಾಗೆ, ಗಲ್ಲು ಶಿಕ್ಷೆಯಾದವರಲ್ಲಿ ಮುಕ್ಕಾಲು ಪಾಲು ಬಡವರು ಎಂಬುದು ದೆಹಲಿಯ ಅದೇ ಕಾನೂನು ವಿಶ್ವವಿದ್ಯಾಲಯದವರ 2016ರ ವರದಿಯಲ್ಲಿದೆ. ಒಳ್ಳೆ ಲಾಯರ್ ಹಿಡಿಯುವ ತಾಕತ್ತಿದ್ದವರು ಆ ಪಟ್ಟಿಯಲ್ಲಿ ಕಮ್ಮಿ. ಇದಕ್ಕೆ ವಿವರಣೆ ಬೇಕಿಲ್ಲ.

"ಜೀವಾವಧಿ ಎಂದರೆ ಹದಿನಾಲ್ಕು ವರ್ಷ, ಆಮೇಲೆ ಹೊರಗೆ"

ಇದು ಅತ್ಯಂತ ಗಟ್ಟಿಯಾದ ತಪ್ಪು ಕಲ್ಪನೆ; ಧರ್ಮಪುರಿಯ ಮೂವರು ಹೊರಬಂದ ಮೇಲೆ ಇನ್ನೂ ಗಟ್ಟಿಯಾಯಿತು. ಜೀವಾವಧಿ ಎಂದರೆ ಕಾನೂನಿನಲ್ಲಿ ಉಸಿರಿರುವವರೆಗೆ. ಗಲ್ಲಿಗೂ ಅರ್ಹವಾದ ಅಪರಾಧಗಳಲ್ಲಿ ಸರ್ಕಾರ ಶಿಕ್ಷೆ ಮಾಫಿ ಮಾಡುವುದಾದರೆ ಕನಿಷ್ಠ 14 ವರ್ಷ ಕಳೆಯಲೇಬೇಕು ಎನ್ನುತ್ತದೆ ದಂಡ ಪ್ರಕ್ರಿಯೆಯ ಕಾನೂನು. ಜನರ ಬಾಯಲ್ಲಿ ಈ 'ಕನಿಷ್ಠ' ಎಂಬುದು 'ಇಷ್ಟೇ' ಎಂದಾಗಿದೆ. ಹದಿನಾಲ್ಕಾದ ಮೇಲೆ ಬಿಡಲೇಬೇಕೆಂಬ ಹಕ್ಕು ಯಾರಿಗೂ ಇಲ್ಲ.

ಬಿಡಲೇಬಾರದು ಎನ್ನುವ ದಾರಿಯೂ ಇದೆ, ಅದನ್ನು ತೆರೆದದ್ದು ಬೆಂಗಳೂರಿನದೇ ಒಂದು ಪ್ರಕರಣ. ರಿಚ್ಮಂಡ್ ರಸ್ತೆಯ ಮನೆಯಲ್ಲಿ ಹೆಂಡತಿಯನ್ನು ಕೊಂದು ಅಂಗಳದಲ್ಲಿ ಹೂತ ಸ್ವಾಮಿ ಶ್ರದ್ಧಾನಂದನ ಪ್ರಕರಣ. ಗಲ್ಲು ಹೆಚ್ಚಾಯಿತು, ಹದಿನಾಲ್ಕು ವರ್ಷ ಕಡಿಮೆಯಾಯಿತು ಎಂದು ಕಂಡ ಸುಪ್ರೀಂ ಕೋರ್ಟು 2008ರಲ್ಲಿ, ಸಾಯುವವರೆಗೂ ಬಿಡುಗಡೆಯಿಲ್ಲದ ಜೀವಾವಧಿ ಎಂದು ಬರೆಯಿತು. 2015ರಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಸರಣಿ ಹಂತಕ ಉಮೇಶ್ ರೆಡ್ಡಿಗೂ 2022ರಲ್ಲಿ ಗಲ್ಲಿನ ಬದಲು 30 ವರ್ಷ ಮಾಫಿಯಿಲ್ಲದ ಜೈಲು ಎಂದಾಯಿತು. ಹಿಂಡಲಗಾದಲ್ಲಿ ಹತ್ತು ವರ್ಷ ಒಂಟಿ ಸೆಲ್ಲಿನಲ್ಲಿಟ್ಟಿದ್ದು ಕಾನೂನುಬಾಹಿರ ಎಂಬುದು ಅಲ್ಲಿನ ಕಾರಣ.

ಹಾಗಾದರೆ ಧರ್ಮಪುರಿಯವರು? ಎಂಜಿಆರ್ ಜನ್ಮಶತಮಾನೋತ್ಸವದ ನೆಪದಲ್ಲಿ, ರಾಜ್ಯಪಾಲರಿಗೆ 161ನೇ ವಿಧಿ ಕೊಡುವ ಅಧಿಕಾರದಡಿ ಬಿಡುಗಡೆಯಾದವರು. ದಂಡ ಪ್ರಕ್ರಿಯೆಯ ಹದಿನಾಲ್ಕರ ಗೆರೆ ಆ ಅಧಿಕಾರಕ್ಕೆ ಅನ್ವಯಿಸುವುದಿಲ್ಲ. ಆಗ ಅಧಿಕಾರದಲ್ಲಿದ್ದದ್ದು ಯಾವ ಪಕ್ಷದ ಕಾರ್ಯಕರ್ತರು ಬೆಂಕಿ ಹಚ್ಚಿದ್ದರೋ ಅದೇ ಪಕ್ಷ. ನನಗೆ ಆ ಬಿಡುಗಡೆ ಸರಿಯೆನಿಸಿಲ್ಲ, ಇವತ್ತಿಗೂ. ಆದರೆ ಅಲ್ಲಿ ಕೆಟ್ಟದ್ದು ಮಾಫಿಯ ವಿಧಾನ.

ಖರ್ಚಿನ ಮಾತೂ ಬರುತ್ತದೆ: "ಇಂಥವರನ್ನ ಜೈಲಲ್ಲಿ ಕೂರಿಸಿ ತಿನ್ನಿಸಬೇಕಾ?" 2024ರ ಕೊನೆಗೆ ದೇಶದಲ್ಲಿ ಗಲ್ಲು ಶಿಕ್ಷೆಯಾಗಿ ಕಾಯುತ್ತಿದ್ದವರು 564 ಮಂದಿ. ಜೈಲುಗಳಲ್ಲಿರುವ ಒಟ್ಟು ಕೈದಿಗಳು ಐದು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಇನ್ನೂ ವಿಚಾರಣೆಯೇ ಮುಗಿಯದವರು. ಮುದ್ದೆಯ ಲೆಕ್ಕ ಹಾಕುವುದಾದರೆ ಅಲ್ಲಿಂದ ಶುರು ಮಾಡಬೇಕು.

"ಮಕ್ಕಳ ಮೇಲೆ ಕೈಹಾಕಿದವರಿಗಾದರೂ ಗಲ್ಲಾಗಲಿ"

ಹೆಣ್ಣುಮಕ್ಕಳಿರುವ ಮನೆಯವನಾಗಿ ಈ ಮಾತಿನ ಎದುರು ವಾದ ಹೂಡುವುದು ನನಗೆ ಸುಲಭವಲ್ಲ. 2019ರ ತಿದ್ದುಪಡಿಯಿಂದ ಪೋಕ್ಸೋ ಕಾಯ್ದೆಯಲ್ಲಿ ಗಲ್ಲು ಬಂದಿದೆ. ಅದಾಗಿ ಐದು ವರ್ಷಕ್ಕೆ, 2024ರ ಆಗಸ್ಟ್‌ನಲ್ಲಿ, ನಮ್ಮ ಬರ್ಗೂರು ಕಡೆಯ ಖಾಸಗಿ ಶಾಲೆಯೊಂದರಲ್ಲಿ ಎನ್‌ಸಿಸಿ ಹೆಸರಿನ ನಕಲಿ ಶಿಬಿರ ನಡೆದು ಬಾಲಕಿಯರ ಮೇಲೆ ಲೈಂಗಿಕ ದೌರ್ಜನ್ಯವಾಯಿತು. ಶಿಬಿರ ನಡೆಸಿದವನು ಎನ್‌ಸಿಸಿಯವನು ಹೌದೋ ಅಲ್ಲವೋ ಎಂದು ಒಂದು ಫೋನ್ ಮಾಡಿ ಕೇಳಿದವರಿಲ್ಲ. ವಿಷಯ ಗೊತ್ತಾದ ಮೇಲೂ ಪೊಲೀಸರಿಗೆ ತಿಳಿಸದೆ ಮುಚ್ಚಿಟ್ಟರೆಂಬ ಆರೋಪದಲ್ಲಿ ಶಾಲೆಯ ಹಿರಿಯರೂ ಬಂಧಿತರಾದರು. ಮುಖ್ಯ ಆರೋಪಿ ವಿಚಾರಣೆಗೂ ಮುಂಚೆ ಸತ್ತ.

ಮಕ್ಕಳ ಪ್ರಕರಣಗಳಲ್ಲಿ ಆರೋಪಿಗಳು ಹೆಚ್ಚಾಗಿ ಮಗುವಿಗೆ ಗೊತ್ತಿರುವವರೇ: ನೆಂಟರು, ಪಕ್ಕದ ಮನೆಯವರು, ಮೇಷ್ಟ್ರು. ಚಿಕ್ಕಪ್ಪನ ಮೇಲೆ ದೂರು ಕೊಟ್ಟರೆ ಅವನಿಗೆ ನೇಣು ಎಂದಾದಾಗ, ಠಾಣೆಗೆ ಹೊರಟ ತಾಯಿಯನ್ನು ಬಾಗಿಲಲ್ಲೇ ತಡೆಯುವ ಕೈಗಳು ಹೆಚ್ಚುತ್ತವೆ. ಬದುಕುಳಿದ ಮಗುವೇ ಸಾಕ್ಷಿ. ಅತ್ಯಾಚಾರಕ್ಕೂ ಕೊಲೆಗೂ ಒಂದೇ ಹಗ್ಗವಾದರೆ, ಆ ಸಾಕ್ಷಿಯನ್ನು ಉಳಿಸಬೇಕೆನ್ನುವ ಒಂದೇ ಒಂದು ಕಾರಣವೂ ಅವನಿಗೆ ಉಳಿಯುವುದಿಲ್ಲ.

ಇಷ್ಟಕ್ಕೂ ಅಪರಾಧಿ ಹೆದರುವುದು ಯಾವುದಕ್ಕೆ? ಸಿಕ್ಕಿಬೀಳುವುದಕ್ಕೆ. ವಿಚಾರಣೆ ಮುಗಿದ ಕೊಲೆ ಪ್ರಕರಣಗಳಲ್ಲಿ ಶಿಕ್ಷೆಯಾಗುವುದು ಅರ್ಧಕ್ಕಿಂತ ಕಡಿಮೆ ಎನ್ನುತ್ತವೆ ರಾಷ್ಟ್ರೀಯ ಅಪರಾಧ ದಾಖಲೆಗಳು. ಇದು ಗಲ್ಲಿನ ಗಲಾಟೆಯಲ್ಲಿ ಕೇಳಿಸುವುದಿಲ್ಲ.

ಧರ್ಮಪುರಿ ಪ್ರಕರಣದಲ್ಲಿ ಇದು ಕಣ್ಣೆದುರೇ ನಡೆಯಿತು. ವಿಚಾರಣೆ ಮೊದಲು ಶುರುವಾದದ್ದು ಕೃಷ್ಣಗಿರಿ ಕೋರ್ಟಿನಲ್ಲಿ. ಟಿವಿ ಕ್ಯಾಮೆರಾಗಳೇ ಬಸ್ ಉರಿಯುವುದನ್ನು ತೋರಿಸಿದ್ದವು. ಆದರೂ ಸಾಕ್ಷಿಗಳು ಸಾಲಾಗಿ ತಿರುಗಿಬಿದ್ದರು. ಕಟಕಟೆಗೆ ಬಂದು, ನಾನು ನೋಡಿಲ್ಲ, ನನಗೆ ಗೊತ್ತಿಲ್ಲ ಎಂದರು. ಮಡಿದ ಹುಡುಗಿಯೊಬ್ಬಳ ತಂದೆ ಹೈಕೋರ್ಟಿನ ಬಾಗಿಲು ಬಡಿದರು. 2003ರಲ್ಲಿ ಮದ್ರಾಸ್ ಹೈಕೋರ್ಟು ಪ್ರಕರಣವನ್ನು ಕೃಷ್ಣಗಿರಿಯಿಂದ ಸೇಲಂಗೆ ವರ್ಗಾಯಿಸಿ ಹೊಸದಾಗಿ ನಡೆಸಲು ಹೇಳಿತು. 2007ರ ಫೆಬ್ರವರಿಯಲ್ಲಿ ಸೇಲಂ ಕೋರ್ಟು 28 ಮಂದಿ ತಪ್ಪಿತಸ್ಥರೆಂದಿತು. ಮೂವರಿಗೆ ಗಲ್ಲು, 25 ಮಂದಿಗೆ ಏಳು ವರ್ಷ ಜೈಲು. ಆ ಮೂರು ಗಲ್ಲುಗಳ ಬಗ್ಗೆ ನಾವು ಹನ್ನೊಂದು ವರ್ಷ ಮಾತಾಡಿದೆವು. ಆ ತಂದೆ ಹೈಕೋರ್ಟಿಗೆ ಹೋಗದಿದ್ದರೆ ಎಲ್ಲರೂ ಖುಲಾಸೆಯಾಗಿ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಿದ್ದರೇನೋ ಎಂಬುದು ನಮ್ಮ ಬೆಂಚಿನ ಮೇಲೆ ಒಂದು ದಿನವೂ ಚರ್ಚೆಯಾಗಲಿಲ್ಲ.

2018ರ ಡಿಸೆಂಬರ್ 5ರಂದು, ಆ ನವೆಂಬರ್‌ನ ಎರಡು ಸುದ್ದಿಗಳ ಮಗ್ಗುಲಲ್ಲೇ, ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಯನ್ನು ಒಪ್ಪಿ, ಸಂಸತ್ತು ಕಾನೂನು ಮಾಡುವವರೆಗೆ ಇದೇ ಕಾನೂನು ಎಂದಿತು. ಪ್ರತಿ ಜಿಲ್ಲೆಯಲ್ಲೂ ಸಾಕ್ಷಿಗಳಿಗೆ ಪ್ರತ್ಯೇಕ ಕೊಠಡಿ ಇರಬೇಕು, ಆರೋಪಿಯ ಮುಖ ನೋಡದೆ ಹೇಳಿಕೆ ಕೊಡುವಂತಿರಬೇಕು ಎಂಬುದೆಲ್ಲ ಅದರಲ್ಲಿದೆ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯೂ ರಾಜ್ಯಗಳಿಗೆ ಇಂಥ ಯೋಜನೆ ಮಾಡಿ ಎನ್ನುತ್ತದೆ.

ಕಳೆದ ವರ್ಷ ಬೇರೊಂದು ಕೆಲಸಕ್ಕೆ ಕೋರ್ಟಿಗೆ ಹೋಗಿದ್ದೆ. ಹೊರಗಿನ ಮರದ ಕೆಳಗೆ ಡೆಂಕಣಿಕೋಟೆ ಕಡೆಯ ಒಬ್ಬ ರೈತ ಕೂತಿದ್ದ; ಕೈಯಲ್ಲಿ ಸಮನ್ಸ್ ಕಾಗದ, ನಾಲ್ಕು ಮಡಿಕೆ. ಕೊಲೆ ಕೇಸಿನ ಸಾಕ್ಷಿ. ಕನ್ನಡದಲ್ಲೇ ಮಾತಾಡಿದ. ಇದು ಐದನೇ ಸಲವಂತೆ, ನಾಲ್ಕು ಸಲ ವಾಯಿದೆ ಕೊಟ್ಟು ಕಳಿಸಿದ್ದರು. "ಬರೋ ಬಸ್ ಚಾರ್ಜು, ಹೋದ ಕೂಲಿ, ಯಾರ್ ಕೊಡ್ತಾರೆ ಸ್ವಾಮೀ?" ಎಂದ. ಹತ್ತು ಹೆಜ್ಜೆ ಆಚೆ ಇಬ್ಬರು ಹುಡುಗರು ಬೈಕಿಗೆ ಒರಗಿ ನಿಂತಿದ್ದರು. ಆರೋಪಿಯ ಅಣ್ಣತಮ್ಮಂದಿರಂತೆ. ಸ್ವಲ್ಪ ಹೊತ್ತಿಗೆ ಅವರಲ್ಲೊಬ್ಬ ಎರಡು ಟೀ ಹಿಡಿದು ಬಂದು ಒಂದನ್ನು ಆ ರೈತನ ಕೈಗೆ ಕೊಟ್ಟು, "ಮನೇಲೆಲ್ಲ ಚೆನ್ನಾಗಿದಾರಾ ಮಾವ?" ಅಂದ. ಒಳಗಿನಿಂದ ಜವಾನ ಸಾಕ್ಷಿಯ ಹೆಸರನ್ನು ಮೊದಲ ಸಲ ಕೂಗಿದ. ರೈತ ಟೀ ಲೋಟ ನೆಲಕ್ಕಿಡಲೋ ಕುಡಿಯಲೋ ತಿಳಿಯದೆ ನನ್ನ ಮುಖ ನೋಡಿದ.